ಹಿಮ್ಮಡಿಯ ಕಡತ

ಕಾಗದದ ಮೇಲೆ ಬರೆದಿಡದ ಹೊರತು ಯಾವ ಸಂಗತಿಯೂ ನಿಜವಾಗಿ ನಡೆದಿದೆ ಎಂದು ನನಗೆ ಅನಿಸುವುದೇ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದೇ ತಿಳಿಯಿರಿ. ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ, ಬರುವ ಕಾಗದಕ್ಕೊಂದು ನಂಬರು, ಹೋಗುವ ಕಾಗದಕ್ಕೊಂದು ನಂಬರು ಹಾಕುವ ಮೇಜಿನ ಹಿಂದೆ ಆಯುಷ್ಯದ ಬಹುಪಾಲು ಕಳೆದವನ ಗತಿ ಇನ್ನೇನಾದೀತು? ಗದಗಿನಿಂದ ಈ ಊರಿಗೆ ಬಂದಾಗ ನನ್ನ ಬಳಿ ಒಂದು ಟ್ರಂಕು ಮತ್ತು ಒಂದು ಹಾಸಿಗೆ ಸುರುಳಿ ಇದ್ದವು. ಕೆಲವೇ ವರ್ಷಗಳಲ್ಲಿ ನಾರಾಯಣ ಪೇಠೆಯ ಹಳೆಯ ವಾಡೆಯೊಂದರ ಮೇಲಂತಸ್ತಿನ ಎರಡು ಕೋಣೆಗಳಲ್ಲಿ ನಾನು, ಹೆಂಡತಿ ಶಾಂತಾ, ಮಗಳು ವೈಜಯಂತಿ ಮತ್ತು ನಲವತ್ತೊಂದು ಫೈಲುಗಳು ಸಂಸಾರ ಹೂಡಿದ್ದೆವು. ಸೋರುವ ಮಾಡಿನದು ಒಂದು ಫೈಲು. ಗ್ಯಾಸ್ ಸಿಲಿಂಡರಿನದು ಇನ್ನೊಂದು. ಕೆಳಗೆ ಇರುವ ಮಾಲಕರೊಡನೆ ಮೆಟ್ಟಿಲು ಹತ್ತಲು ಹಿಡಿದುಕೊಳ್ಳುವ ಹಗ್ಗ ಬದಲಿಸುವ ಬಗ್ಗೆ ನಾನು ನಡೆಸಿದ ಪತ್ರವ್ಯವಹಾರಕ್ಕೆ ಎರಡು ಸಂಪುಟ. ಮಾಲಕರು ದಿನಾ ಬೆಳಿಗ್ಗೆ ನನಗೆ ಎದುರಾಗಿ ನಮಸ್ಕಾರ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಹಗ್ಗದ ವಿಷಯ ಮಾತ್ರ ಅಂಚೆಯಲ್ಲೇ ಹೋಗಿ ಬರುತ್ತಿತ್ತು.

ನಮ್ಮ ಮದುವೆಯದೂ ಒಂದು ಫೈಲು ಇದೆ. ಅದರಲ್ಲಿ ಜೇಜುರಿಯ ದರ್ಶನದ ವಿವರವಿದೆ. ನಮ್ಮ ಮನೆದೇವರು ಖಂಡೋಬ, ಊರ ಕಡೆ ಮೈಲಾರಲಿಂಗ ಅನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ಗಂಡನಾದವನು ಹೆಂಡತಿಯನ್ನು ಎತ್ತಿಕೊಂಡು ಜೇಜುರಿಯ ಗುಡ್ಡದ ಐದು ಮೆಟ್ಟಿಲಾದರೂ ಏರಬೇಕೆಂದು ರೂಢಿ. ಫೈಲಿನಲ್ಲಿ ನನ್ನ ದುಂಡು ಅಕ್ಷರದಲ್ಲಿ ‘ಮೆಟ್ಟಿಲು ಐದು, ಸುಸೂತ್ರ’ ಎಂದು ದಾಖಲಾಗಿದೆ. ನಲವತ್ತೊಂದು ಫೈಲುಗಳಲ್ಲಿ ಶಾಂತಾಳ ತಕರಾರು ಇರುವುದು ಈ ಒಂದು ನಮೂದಿನ ಮೇಲೆ ಮಾತ್ರ. ಐದಲ್ಲ, ಅಷ್ಟು ದೂರ ಹೋಗಿಯೇ ಇಲ್ಲ ಎನ್ನುತ್ತಾಳೆ. ನಡುವೆಯೇ ನನ್ನ ಸೊಂಟ ಹಿಡಿದುಕೊಂಡು, ನಾನು ಅವಳನ್ನು ಇಳಿಸಿದೆನೋ ಬೀಳಿಸಿದೆನೋ ಎಂಬುದರ ಬಗ್ಗೆಯೂ ಅಭಿಪ್ರಾಯಭೇದವಿದೆ. ಬರೆದದ್ದನ್ನು ತಿದ್ದುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ನಾನು ಆ ಮಾತನ್ನು ಬೆಳೆಸಲಿಲ್ಲ.

ಇಂಥ ತಂದೆಗೆ ವೈಜಯಂತಿಯಂಥ ಮಗಳು ಹೇಗೆ ಹುಟ್ಟಿದಳೋ ನನಗೆ ಇಂದಿಗೂ ಆಶ್ಚರ್ಯ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಮಾತು. ಆಗ ಅವಳಿಗೆ ಹದಿನೇಳು. ಸಂಜೆಯಾದರೆ ಪೇಠೆಯ ಕ್ಲಬ್ಬಿನ ಮೈದಾನದಲ್ಲಿ ಖೋಖೋ. ನೀರು ಚಿಮುಕಿಸಿ ಹದ ಮಾಡಿದ ಕೆಂಪು ಮಣ್ಣು, ಎರಡು ತುದಿಗೆ ಎರಡು ಕಂಬ, ನಡುವಿನ ಸಾಲಿನಲ್ಲಿ ಒಬ್ಬಳು ಆ ಕಡೆ ಮುಖ, ಒಬ್ಬಳು ಈ ಕಡೆ ಮುಖ ಮಾಡಿ ತುದಿಗಾಲಲ್ಲಿ ಕುಕ್ಕರಗೂತ ಹುಡುಗಿಯರು. ಅಟ್ಟಿಸಿಕೊಂಡು ಓಡುತ್ತಿರುವವಳು ಕೂತವಳ ಬೆನ್ನು ಮುಟ್ಟಿ ‘ಖೋ’ ಅಂದಳೋ, ಕೂತವಳು ಎದ್ದು ಓಡಬೇಕು, ಮುಟ್ಟಿದವಳು ಅವಳ ಜಾಗದಲ್ಲಿ ಕೂರಬೇಕು. ವೈಜು ಕೂತಿರುವುದು ಕಾಣುತ್ತಿತ್ತು, ಓಡುವುದು ಕಾಣುತ್ತಿತ್ತು. ನಡುವೆ ಎದ್ದದ್ದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ನಾನು ಮೈದಾನದ ಗೋಡೆಯ ಬಳಿ ನಿಂತು, ಇವಳಿಗೆ ಓಟ ನನ್ನಿಂದಲೇ ಬಂದದ್ದು ಎಂದು ಪಕ್ಕದವರಿಗೆ ಹೇಳುತ್ತಿದ್ದೆ. ಗದಗಿನ ಹೈಸ್ಕೂಲಿನಲ್ಲಿ ನಾನು ನಾಲ್ಕು ಜನರ ಓಟದಲ್ಲಿ ಮೂರನೆಯವನಾಗಿ ಬಂದದ್ದು ನಿಜ. ನಾಲ್ಕನೆಯವನು ಕಾಲಿಗೆ ಚುಚ್ಚಿದ ಮುಳ್ಳು ತೆಗೆಯುತ್ತ ಕೂತಿದ್ದ ಎಂಬುದನ್ನು ಹೇಳುವಷ್ಟು ಹೊತ್ತಿಗೆ ಪಕ್ಕದವರು ಎದ್ದು ಹೋಗಿರುತ್ತಿದ್ದರು.

ಒಂದು ಸಂಜೆ ವೈಜು ಇಬ್ಬರು ಗೆಳತಿಯರ ಹೆಗಲ ಮೇಲೆ ಕೈ ಹಾಕಿಕೊಂಡು, ಒಂಟಿ ಕಾಲಲ್ಲಿ ಕುಂಟುತ್ತ ವಾಡೆಯ ಮೆಟ್ಟಿಲು ಹತ್ತಿ ಬಂದಳು. ಸಾಲಿನಲ್ಲಿ ಕೂತಿದ್ದಳಂತೆ. ಹಿಂದಿನಿಂದ ಸುನಂದಾ ಖೋ ಕೊಟ್ಟಳಂತೆ. ಸುನಂದಾ ಅಂದರೆ ಶಾಲೆಯ ಒಂದನೆಯ ಇಯತ್ತೆಯಿಂದ ಇವಳ ಜೀವದ ಗೆಳತಿ. ಎದ್ದು ಮೊದಲ ಹೆಜ್ಜೆ ಇಡುವಷ್ಟರಲ್ಲಿ ಹಿಮ್ಮಡಿಯ ಮೇಲೆ ಯಾರೋ ಜಾಡಿಸಿ ಒದ್ದ ಹಾಗಾಗಿ, ಫಟ್ ಎಂಬ ಸದ್ದೂ ಕೇಳಿ, ವೈಜು ಮಣ್ಣಿನ ಮೇಲೆ ಬಿದ್ದಳು. ಬಿದ್ದವಳೇ ತಿರುಗಿ ಸುನಂದಾಳನ್ನು ಬೈದಳು. ಖೋ ಕೊಡುವುದು ಕೈಯಿಂದ, ಕಾಲಿನಿಂದಲ್ಲ ಎಂದಳು. ಸುನಂದಾ ನಮ್ಮ ಬಾಗಿಲಲ್ಲಿ ನಿಂತು ಗಂಟಲು ಹಿಡಿದು, “ಆಯೀಶಪ್ಪತ್ ಕಾಕಾ, ಮೀ ನಾಹೀ ಮಾರಲೀ” ಎಂದು, ತಾನು ಒದ್ದೇ ಇಲ್ಲವೆಂದು ತಾಯಾಣೆ ಮಾಡಿ ಅತ್ತಳು. ನಾನು ಅವಳನ್ನು ನಂಬಲಿಲ್ಲ. ನನ್ನ ಮಗಳು ಸುಳ್ಳು ಹೇಳುವವಳಲ್ಲ.

ವೈಜುವಿನ ಕಾಲು ಹಿಮ್ಮಡಿಯ ಮೇಲೆ ಊದಿತ್ತು. ಆದರೆ ಬೆರಳು ಆಡುತ್ತಿದ್ದವು, ಮೆಲ್ಲಗೆ ಊರಿದರೆ ನಾಲ್ಕು ಹೆಜ್ಜೆ ನಡೆಯಲಿಕ್ಕೂ ಬರುತ್ತಿತ್ತು. ಇದು ಉಳುಕು ಎಂದು ನಾನು ತೀರ್ಮಾನಿಸಿದೆ. ಡಾಕ್ಟರ ಬಳಿ ಹೋಗೋಣ ಎಂದು ಶಾಂತಾ ಅಂದಳು. “ಉಳುಕಿಗೆ ಡಾಕ್ಟರು ಯಾತಕ್ಕ? ನಾ ಓಡೂವಾಗ ಹತ್ತು ಸಲ ಆಗೇದ” ಎಂದೆ. ಎಳ್ಳೆಣ್ಣೆ ಬಿಸಿ ಮಾಡಿಸಿ, ನಾನೇ ಕೂತು, ಆ ಎಳೆಯ ಕಾಲನ್ನು ಮೇಲಿಂದ ಕೆಳಗೆ ಗಸಗಸನೆ ತಿಕ್ಕಿದೆ. ಅವಳು ತುಟಿ ಕಚ್ಚಿಕೊಂಡಿದ್ದಳು, ಕೂಗಲಿಲ್ಲ. ಕೂಗದೆ ಇದ್ದುದನ್ನು ನಾನು ಗುಣ ಕಾಣುತ್ತಿರುವ ಲಕ್ಷಣ ಎಂದುಕೊಂಡೆ. ಆಮೇಲೆ ಹೊಸ ಫೈಲು ತೆಗೆದು, ಪುಟಗಳಿಗೆಲ್ಲ ಮೊದಲೇ ನಂಬರು ಹಾಕಿ, ಪುಟ ಒಂದರಲ್ಲಿ ಬರೆದೆ: ‘ಸುನಂದಾ ಎಂಬವಳು ಹಿಂದಿನಿಂದ ಒದ್ದ ಪ್ರಯುಕ್ತ ಉಳುಕು. ಎಣ್ಣೆ ತಿಕ್ಕಲಾಯಿತು. ಮೂರು ದಿನದಲ್ಲಿ ಗುಣ.’ ಕೆಳಗೆ ಸಹಿ. ಪುಟ ಎರಡು, ಕ್ಲಬ್ಬಿನ ಅಧ್ಯಕ್ಷರಿಗೆ ಸುನಂದಾಳ ಮೇಲೆ ದೂರು, ಮೂರು ಪ್ರತಿಗಳಲ್ಲಿ.

ಮೂರು ದಿನ ತಿಕ್ಕಿದೆ. ನಾಲ್ಕನೆಯ ದಿನ ಶಾಂತಾ ನನ್ನನ್ನು ಕೇಳಲೇ ಇಲ್ಲ. ರಿಕ್ಷಾ ಕರೆಸಿ, ಮಗಳನ್ನು ಕೂಡಿಸಿ, ನಾನು ಬರುವುದಿದ್ದರೆ ಬರಬಹುದು ಎಂಬಂತೆ ಒಂದಿಷ್ಟು ಜಾಗ ಬಿಟ್ಟಳು. ನಾನು ಫೈಲು ಹಿಡಿದುಕೊಂಡು ಹತ್ತಿದೆ.

ಎಲುಬಿನ ಡಾಕ್ಟರು ಬಹಳ ಕಡಿಮೆ ಮಾತಿನವರು. ವೈಜುವನ್ನು ಬೋರಲು ಮಲಗಿಸಿದರು, ಎರಡೂ ಪಾದ ಮಂಚದ ಅಂಚಿನಿಂದ ಹೊರಗೆ. ಮೊದಲು ಒಳ್ಳೆಯ ಕಾಲಿನ ಮೀನಖಂಡವನ್ನು ಕೈಯಿಂದ ಹಿಚುಕಿದರು. ಪಾದ ತಂತಾನೇ ಕೆಳಗೆ ಬಾಗಿತು. ಆಮೇಲೆ ಊದಿದ ಕಾಲಿನ ಮೀನಖಂಡ ಹಿಚುಕಿದರು. ಪಾದ ಅಲುಗಲಿಲ್ಲ. ಮತ್ತೆ ಹಿಚುಕಿದರು. ಗೊಂಬೆಯ ಪಾದದ ಹಾಗೆ ಸುಮ್ಮನೆ ಇತ್ತು. ಡಾಕ್ಟರು ವೈಜುವಿನ ಕಡೆ ಬಾಗಿ ಮರಾಠಿಯಲ್ಲಿ ಕೇಳಿದರು, ಹಿಂದಿನಿಂದ ಯಾರೋ ಒದ್ದ ಹಾಗಾಯಿತೇನು? ನಾನು ಬೆರಗಾಗಿ, ಸುನಂದಾಳ ವಿಷಯ ನಿಮಗೂ ಗೊತ್ತೇ ಎಂದೆ. ಅವರು ಮೊದಲ ಸಲ ನಕ್ಕರು. ಈ ಮಂಚದ ಮೇಲೆ ಮಲಗಿದವರೆಲ್ಲ, ಓಡುವವರು, ಬ್ಯಾಡ್ಮಿಂಟನ್ ಆಡುವವರು, ಕುಸ್ತಿಯವರು, ಎಲ್ಲರೂ ಇದೇ ಹೇಳುತ್ತಾರಂತೆ. ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ. ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟಿದ ದಪ್ಪ ಸ್ನಾಯುರಜ್ಜು, ಅಕಿಲಿಸ್ ಟೆಂಡನ್ ಅನ್ನುತ್ತಾರಲ್ಲ, ಅದು ಹರಿಯುವ ಪರಿಯೇ ಹಾಗೆ. ಕೂತಲ್ಲಿಂದ ಒಮ್ಮೆಲೇ ಚಿಮ್ಮಿದಾಗ ಮೈಯ ಭಾರವೆಲ್ಲ ಅದೊಂದರ ಮೇಲೆ ಬೀಳುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಯಾವತ್ತು ಆದದ್ದು, ಏನು ಮಾಡಿದಿರಿ ಎಂದು ಡಾಕ್ಟರು ಕೇಳಿದಾಗ ಅಭ್ಯಾಸಬಲದಿಂದ ನನ್ನ ಕೈ ಫೈಲನ್ನು ಮುಂದೆ ಚಾಚಿತು. ನಾನು ಕನ್ನಡದಲ್ಲಿ ಬರೆದದ್ದು ಅವರಿಗೆ ತಿಳಿಯಲಿಲ್ಲ. “ನಾ ಓದಿ ಹೇಳ್ತೀನಿ ಕೊಡ್ರಿ” ಎಂದು ಶಾಂತಾ ಫೈಲು ಇಸಿದುಕೊಂಡಳು. ಉಳುಕು, ಎಣ್ಣೆ, ಮೂರು ದಿನದಲ್ಲಿ ಗುಣ, ಸಹಿ. ಒಂದಕ್ಷರ ಬಿಡದೆ ಮರಾಠಿಗೆ ಇಳಿಸಿ ಓದಿದಳು. ಆ ಪುಟವನ್ನು ಹರಿದು ಬಾಯಿಗೆ ಹಾಕಿಕೊಂಡು ನುಂಗಿಬಿಡೋಣ ಎನಿಸಿತು. ಆದರೆ ನಂಬರು ಹಾಕಿದ ಪುಟವನ್ನು ಹರಿಯುವಂತಿಲ್ಲ. ಡಾಕ್ಟರು ಬೈಯಲಿಲ್ಲ. ವಾರದೊಳಗೆ ಬಂದಿರಲ್ಲ, ಕೆಲವರು ತಿಂಗಳುಗಟ್ಟಲೆ ತಿಕ್ಕಿ ಬರುತ್ತಾರೆ ಎಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ದಾರಿ ಎರಡಿವೆ ಎಂದರು. ಪಾದದ ಬೆರಳು ಕೆಳಗೆ ಚಾಚಿದ ಹಾಗೆ ಇಟ್ಟು ಪ್ಲಾಸ್ಟರು ಹಾಕಿ, ಹರಿದ ತುದಿಗಳು ತಾವೇ ಕೂಡುವವರೆಗೆ ಕಾಯುವುದು ಒಂದು. ಕೊಯ್ದು ತೆಗೆದು ಹೊಲಿಯುವುದು ಇನ್ನೊಂದು. ಮನೆಯಲ್ಲಿ ಓಡಾಡಿಕೊಂಡಿರುವವರಾದರೆ ಮೊದಲನೆಯದು ಸಾಕು. ಮತ್ತೆ ಮೈದಾನಕ್ಕೆ ಇಳಿಯುವ ಆಸೆಯಿದ್ದರೆ ಹೊಲಿಯುವುದೇ ಮೇಲು, ಮತ್ತೆ ಹರಿಯುವ ಭಯ ಕಡಿಮೆ. ನಾನು ಎರಡೂ ದಾರಿಗಳ ಗುಣದೋಷಗಳನ್ನು ಎರಡು ಕಾಲಂ ಹಾಕಿ ಬರೆದುಕೊಳ್ಳತೊಡಗಿದೆ. ಬೋರಲು ಮಲಗಿದ್ದ ಹುಡುಗಿ ತಲೆ ಎತ್ತದೆಯೇ, “ಹೊಲಿಸ್ರಿ ಅಪ್ಪಾ. ನಾ ಆಡಾಕಿ” ಎಂದಳು. ಅಷ್ಟೇ ಮಾತು. ನನ್ನ ಕಾಲಂಗಳು ಖಾಲಿ ಉಳಿದವು.

ಒಳಗೆ ಹೊಲಿಗೆ ನಡೆಯುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತು, ಮಗಳು ಗುಣವಾದರೆ ತನ್ನ ಕಾಲ ಮೇಲೆ ಜೇಜುರಿಯ ಗುಡ್ಡ ಏರಿ ದರ್ಶನ ಮಾಡುತ್ತಾಳೆ ಎಂದು ಖಂಡೋಬನಿಗೆ ಹರಕೆ ಹೊತ್ತೆ. ಶಾಂತಾಳಿಗೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, “ಹರಕಿ ನಿಮ್ಮದು, ಕಾಲು ಅಕಿದು. ಇದ್ಯಾವ ನ್ಯಾಯರಿ? ನೀವೂ ನಿಮ್ಮ ಕಾಲ ಮ್ಯಾಲೆ ಏರ್ತೀನಂತ ಹೇಳ್ರಿ ದೇವರಿಗೆ” ಎಂದಳು. ಹರಕೆಗೆ ಅಲ್ಲೇ ತಿದ್ದುಪಡಿ ಮಾಡಬೇಕಾಯಿತು. ಡಾಕ್ಟರು ಹೊರಗೆ ಬಂದು, ತುದಿಗಳು ಹಳೆಯ ಸೇದುವ ಹಗ್ಗದ ಹಾಗೆ ಎಳೆಎಳೆಯಾಗಿದ್ದವು, ಸೇರಿಸಿ ಹೊಲಿದಿದ್ದೇನೆ, ಇನ್ನು ಆತುರ ಮಾಡಬೇಡಿ ಎಂದರು. ಹಗ್ಗದ ವಿಷಯದಲ್ಲಿ ನನಗೆ ಎರಡು ಸಂಪುಟದ ಅನುಭವವಿತ್ತು. ಆದರೂ ಆ ಹೊತ್ತಿಗೆ ಅವರಿಗೆ ಕೈ ಮುಗಿದೆ.

ಸುನಂದಾಳ ಮೇಲಿನ ದೂರನ್ನು ಮೂರೂ ಪ್ರತಿಗಳಲ್ಲಿ ಹಿಂತೆಗೆದುಕೊಂಡೆ. ಆ ಹುಡುಗಿ ಮರುದಿನವೇ ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ಬಂದು, ಪ್ಲಾಸ್ಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ನಾನು ಒದ್ದಿಲ್ಲ’ ಎಂದು ಮರಾಠಿಯಲ್ಲಿ ಬರೆದು ಹೋದಳು. ಇತ್ತ ನನಗೆ ಹೊಸ ವಿದ್ಯೆಯೊಂದು ಕೈಗೆ ಸಿಕ್ಕಿತ್ತು. ಕಚೇರಿಯಲ್ಲಿ ಮಧ್ಯಾಹ್ನದ ಡಬ್ಬಿ ಮುಗಿದ ಮೇಲೆ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಮೇಜಿನ ಮೇಲೆ ಬೋರಲು ಮಲಗಿಸಿ ಮೀನಖಂಡ ಹಿಚುಕಿ ನೋಡತೊಡಗಿದೆ. ಎಲ್ಲರ ಪಾದಗಳೂ ಬಾಗುತ್ತಿದ್ದವು. ಕೆಲವರು ಹಾಯಾಗಿದೆ, ಇನ್ನೊಮ್ಮೆ ಹಿಚುಕಿರಿ ಎಂದರು. ಒಂದು ದಿನ ಜೋಶಿಯವರನ್ನು ಮಲಗಿಸಿದ್ದಾಗ ಸಾಹೇಬರು ಒಳಗೆ ಬಂದರು. ಮೇಜಿನ ಮೇಲಿನ ಜೋಶಿಯವರನ್ನೂ ಅವರ ಕಾಲು ಹಿಡಿದಿದ್ದ ನನ್ನನ್ನೂ ನೋಡಿ, ಮುಂಬಡ್ತಿಗೆ ಹಿಡಿಯಬೇಕಾದ ಕಾಲು ಅವರದಲ್ಲ ಎಂದು ಹೇಳಿ ಹೋದರು.

ನಾನು ಹೀಗೆ ಊರ ಕಾಲುಗಳನ್ನು ಪರೀಕ್ಷಿಸುತ್ತಿದ್ದಾಗ ವೈಜು ಒಂದೇ ಕಾಲಿನ ಹಿಂದೆ ಕೂತಿದ್ದಳು. ಮೊದಲ ಪ್ಲಾಸ್ಟರಿನಲ್ಲಿ ಪಾದ ನೆಲ ನೋಡುತ್ತಿತ್ತು. ಎರಡು ವಾರಕ್ಕೆ ಅದನ್ನು ಒಡೆದು, ಹೊಲಿಗೆ ಬಿಚ್ಚಿ, ಪಾದವನ್ನು ಸ್ವಲ್ಪವೇ ಮೇಲೆತ್ತಿ ಇನ್ನೊಂದು. ಮತ್ತೆ ಕೆಲವು ವಾರಕ್ಕೆ ಇನ್ನೂ ಸ್ವಲ್ಪ ಮೇಲೆ, ಮತ್ತೊಂದು. ಅರ್ಧ ನಿಮಿಷ ಕೂತಲ್ಲಿ ಕೂರದ ಹುಡುಗಿ ಬಗಲಿಗೆ ಊರುಗೋಲು ಹಿಡಿದು ದಿನಾ ಸಂಜೆ ಮೈದಾನಕ್ಕೆ ಹೋಗಿ, ಗೆರೆಯ ಹೊರಗೆ ಕುರ್ಚಿ ಹಾಕಿಕೊಂಡು, ಸೀಟಿ ಬಾಯಲ್ಲಿಟ್ಟುಕೊಂಡು ಬೇರೆಯವರ ಆಟಕ್ಕೆ ಸಮಯ ನೋಡುತ್ತಿದ್ದಳು. ಒಂದು ದಿನ ನಾನು ಗೋಡೆಯ ಮರೆಯಿಂದ ನೋಡಿದೆ. ಪ್ರತಿ ಖೋಗೂ ಅವಳ ಮೈ ಕುರ್ಚಿಯಿಂದ ಒಂದಂಗುಲ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ನನ್ನ ಕಣ್ಣು ತುಂಬಿ ಬಂದವು. ಈ ಸಹನೆಯಂತೂ ನನ್ನಿಂದ ಬಂದದ್ದಲ್ಲ ಎಂದು ಪಕ್ಕದಲ್ಲಿ ಯಾರೂ ಇಲ್ಲದಾಗ ಒಪ್ಪಿಕೊಂಡೆ.

ಪ್ಲಾಸ್ಟರು ತೆಗೆದಾಗ ಒಳಗಿಂದ ಬಂದ ಕಾಲು ಬೇರೆ ಯಾರದೋ ಅನ್ನುವಷ್ಟು ಬಡಕಲಾಗಿತ್ತು. ಇನ್ನು ಮುಂದಿನ ಅಧಿಕಾರ ವ್ಯಾಯಾಮ ಹೇಳಿಕೊಡುವ ಶೆಟ್ಟಿ ಬಾಯಿಯವರ ಕೈಗೆ ಹೋಯಿತು. ಉಡುಪಿ ಕಡೆಯ ಹೋಟೆಲಿನವರ ಮನೆಯ ಮಗಳು, ಪುಣೆಯಲ್ಲೇ ಕಲಿತವರು. ಚಪ್ಪಲಿ ಹೊಲಿಯುವವನಿಂದ ತೊಗಲಿನ ನಾಲ್ಕು ಬಿಲ್ಲೆ ಮಾಡಿಸಿ, ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಒಂದರ ಮೇಲೊಂದು ಇಡಿಸಿದರು. ಹಿಮ್ಮಡಿ ಎತ್ತರದಲ್ಲಿದ್ದರೆ ಹೊಲಿದ ಜಾಗಕ್ಕೆ ಎಳೆತ ಇರುವುದಿಲ್ಲ. ಸ್ವಲ್ಪ ಸ್ವಲ್ಪ ದಿನಕ್ಕೆ ಒಂದೊಂದು ಬಿಲ್ಲೆ ತೆಗೆಯುವುದು. ತೆಗೆದ ಬಿಲ್ಲೆಗಳನ್ನು ನಾನು ದಾರ ಕಟ್ಟಿ, ಚೀಟಿ ಅಂಟಿಸಿ ಫೈಲಿಗೆ ಸೇರಿಸಿದೆ. ಫೈಲು ಮುಚ್ಚದ ಹಾಗಾಯಿತು. ಆಮೇಲೆ ವ್ಯಾಯಾಮ. ಮೊದಲು ಎರಡೂ ಕಾಲಿನ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ತಿಂಗಳುಗಳ ಮೇಲೆ ಒಂದೇ ಕಾಲಲ್ಲಿ, ಅದಾದ ಮೇಲೆ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಬಹಳ ನಿಧಾನವಾಗಿ ಕೆಳಗಿಳಿಸುವುದು. ವಾಡೆಯ ಮರದ ಮೆಟ್ಟಿಲ ಮೇಲೆ, ಎರಡು ಸಂಪುಟದ ಹಗ್ಗವನ್ನು ಹಿಡಿದುಕೊಂಡು ವೈಜು ದಿನಕ್ಕೆರಡು ಹೊತ್ತು ಹಿಮ್ಮಡಿ ಇಳಿಸಿದಳು. ನಾನು ಕುರ್ಚಿಯ ಮೇಲೆ ಕೂತು ಎಣಿಸಿ ಬರೆದುಕೊಂಡೆ. “ಇನ್ನೊಂದು! ಮನಸ್ಸು ಗಟ್ಟಿ ಮಾಡು! ನಾ ಓಡೂವಾಗ...” ಎಂದು ಹುರಿದುಂಬಿಸಿದೆ. ಶೆಟ್ಟಿ ಬಾಯಿ ಒಮ್ಮೆ ಮನೆಗೆ ಬಂದು ಇದನ್ನು ನೋಡಿ, “ಅಂಕಲ್, ನೀವು ಒಮ್ಮೆ ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ಕಾಲು ಅವಳದ್ದು. ನೀವೂ ಎದ್ದು ಹತ್ತು ಸಲ ಮಾಡಿದ್ರೆ ನಿಮ್ಗೂ ಒಳ್ಳೇದು” ಎಂದರು. ಎಣಿಸುವವನು ಎದ್ದರೆ ಎಣಿಕೆ ತಪ್ಪುತ್ತದೆ ಎಂದು ನಾನು ಏಳಲಿಲ್ಲ.

ಒಂಬತ್ತು ತಿಂಗಳು ಹೀಗೆ ಹೋದವು. ನೇರ ಓಟ ಆಯಿತು, ತಿರುಗಿ ಓಡುವುದು ಆಯಿತು, ಕುಕ್ಕರಗೂತು ಏಳುವುದೂ ಆಯಿತು. ಹರಿದ ಕಾಲಿನಲ್ಲಿ ಹಿಮ್ಮಡಿ ಎತ್ತುವ ಎಣಿಕೆ ಒಳ್ಳೆಯ ಕಾಲಿನ ಎಣಿಕೆಗೆ ಸಮನಾಯಿತು. ಡಾಕ್ಟರು ಚೀಟಿ ಕೊಟ್ಟರು, ಶೆಟ್ಟಿ ಬಾಯಿ ಚೀಟಿ ಕೊಟ್ಟರು. ಪೆಟ್ಟಾಗಿ ಮರಳುವ ಆಟಗಾರ್ತಿಗೆ ಹದಿನೆಂಟು ತುಂಬಿರದಿದ್ದರೆ ಪಾಲಕರ ಸಹಿ ಬೇಕೆಂದು ಕ್ಲಬ್ಬಿನ ನಿಯಮ. ಫಾರ್ಮು ನನ್ನ ಮುಂದೆ ಬಂತು. ನಾನು ಅದನ್ನು ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಫೈಲಿನಲ್ಲಿಟ್ಟೆ. ಮೈದಾನದ ಮಣ್ಣು ಬಹಳ ಹಸಿ ಎಂದು ಒಂದು ವಾರ ದೂಡಿದೆ, ಬಹಳ ಒಣಗಿದೆ ಎಂದು ಇನ್ನೊಂದು ವಾರ. ಅಂತರ್‌ಕ್ಲಬ್ ಪಂದ್ಯಗಳಿಗೆ ಹೆಸರು ಕೊಡಲು ಬರುವ ಸೋಮವಾರವೇ ಕೊನೆ, ಅದು ತಪ್ಪಿದರೆ ಆ ವರ್ಷದ ಆಟವೇ ಇಲ್ಲ. ಎಲ್ಲ ಗೊತ್ತಿತ್ತು. ಆದರೆ ಪೆನ್ನು ಎತ್ತಿದಾಗಲೆಲ್ಲ ಮಂಚದ ಅಂಚಿನಲ್ಲಿ ಅಲುಗದೆ ಇದ್ದ ಆ ಪಾದ ಕಣ್ಣೆದುರು ಬರುತ್ತಿತ್ತು. ಮೂರು ದಿನ ಅದನ್ನು ತಿಕ್ಕಿದ ಕೈಯಿಂದಲೇ ಈಗ ಸಹಿ ಮಾಡಬೇಕಿತ್ತು. ನನಗೆ ಹೆದರಿಕೆಯಾಗಿತ್ತು. ಫೈಲಿನಲ್ಲಿ ಬರೆಯದ ಸಂಗತಿ ಅದೊಂದೇ.

ವೈಜು ಜಗಳವಾಡಲಿಲ್ಲ. ದಿನಾ ಬೆಳಿಗ್ಗೆ ಫಾರ್ಮನ್ನು ಫೈಲಿನಿಂದ ತೆಗೆದು ನನ್ನ ಊಟದ ಡಬ್ಬಿಯ ಮೇಲೆ ಇಡುತ್ತಿದ್ದಳು. ನಾನು ಸಂಜೆ ಅದನ್ನು ಮರಳಿ ಫೈಲಿಗೆ ಹಾಕುತ್ತಿದ್ದೆ. ಶನಿವಾರ ಶಾಂತಾ ಕೇಳಿದಳು, “ಏನರೆ ವಿಚಾರ ಮಾಡೀರೇನ್ರಿ?” ಮೊದಲು ಹರಕೆ ಮುಗಿಯಲಿ, ಗುಡ್ಡ ಏರಿ ಇಳಿದರೆ ಆಮೇಲೆ ನೋಡೋಣ ಎಂದೆ. ನಾಳೆಯೇ ಹೋಗೋಣ ಎಂದು ಅವಳು ಮರುಕ್ಷಣವೇ ಅಂದುಬಿಟ್ಟಳು. ನಾನು ಮುಂದಿನ ತಿಂಗಳ ಲೆಕ್ಕದಲ್ಲಿ ಹೇಳಿದ್ದೆ.

ಭಾನುವಾರ ಬೆಳಿಗ್ಗೆ ಕೆಂಪು ಬಸ್ಸಿನಲ್ಲಿ ಜೇಜುರಿಗೆ ಹೋದೆವು. ಗುಡ್ಡದ ತುಂಬ ಜನ, ಅರಿಶಿನದ ಭಂಡಾರ ಎರಚಿ ಎರಚಿ ಮೆಟ್ಟಿಲು, ದೀಪಮಾಲೆಯ ಕಲ್ಲುಕಂಬ, ಜನರ ತಲೆ ಎಲ್ಲ ಹಳದಿ. ಸೊಲ್ಲಾಪುರದ ಮರಾಠಿಯ ಜೊತೆಗೆ ವಿಜಾಪುರದ ಕನ್ನಡವೂ ಕಿವಿಗೆ ಬೀಳುತ್ತಿತ್ತು. ಅಲ್ಲಲ್ಲಿ ಹೊಸ ಮದುಮಕ್ಕಳು, ಬೆವರುತ್ತ ಹೆಂಡತಿಯನ್ನು ಎತ್ತುವ ಗಂಡಂದಿರು, ಸುತ್ತ ನಿಂತು ಎಣಿಸುವ ನೆಂಟರು. ಶಾಂತಾ ಅವರನ್ನೂ ನೋಡಿದಳು, ನನ್ನನ್ನೂ ನೋಡಿದಳು. ವೈಜು ಮುಂದೆ, ನಾನು ನಡುವೆ, ಶಾಂತಾ ನನ್ನ ಹಿಂದೆ. ನಾನು ಕಣ್ಣು ಕೀಳದೆ ಮಗಳ ಹಿಮ್ಮಡಿಯನ್ನೇ ನೋಡುತ್ತ ಏರಿದೆ. “ನಿಧಾನ! ಅಲ್ಲೆ ಜಾರ್ತದ! ಎಡಕ್ಕ ಕಾಲಿಡು!” ಎಂದು ಹೇಳುತ್ತಲೇ ಇದ್ದೆ. ಒಂಬತ್ತು ತಿಂಗಳು ಕುರ್ಚಿಯಲ್ಲಿ ಕೂತು ಎಣಿಸಿದ ನನ್ನ ಸ್ವಂತ ಕಾಲುಗಳ ಕಡೆ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಮಹಾದ್ವಾರಕ್ಕೆ ಇನ್ನು ಐದು ಮೆಟ್ಟಿಲಿತ್ತು. ಉತ್ಸಾಹದಿಂದ ಒಂದು ದೊಡ್ಡ ಹೆಜ್ಜೆ ಹಾಕಿದೆ. ಹಿಂದಿನಿಂದ ಯಾರೋ ನನ್ನ ಮೀನಖಂಡಕ್ಕೆ ಜಾಡಿಸಿ ಒದ್ದರು. ನಾನು ಕುಸಿದು ಕೂತು, ತಿರುಗಿ ನೋಡಿದರೆ ಶಾಂತಾ. “ಯಾಕ ಒದ್ದಿ ನನ್ನ?” ಎಂದು ಅಷ್ಟು ಜನರ ನಡುವೆ ಕೂಗಿದೆ.

ಶಾಂತಾ ಎರಡು ಮೆಟ್ಟಿಲು ಕೆಳಗೆ, ಕೈಯಲ್ಲಿ ತೆಂಗಿನಕಾಯಿ ಹಿಡಿದು ನಿಂತಿದ್ದಳು. “ಭಾಳ ಸಲ ಮನಸ್ಸಾಗೇದ್ರಿ” ಎಂದಳು. “ಆದ್ರ ಇವತ್ತ ನಾ ಒದ್ದಿಲ್ಲ.”

ಏಳಲು ನೋಡಿದೆ, ಆಗಲಿಲ್ಲ. ವೈಜು ಮೇಲಿನಿಂದ ಇಳಿದು ಬಂದು ನನ್ನ ಕಾಲು ಮುಟ್ಟಿ ನೋಡಿದಳು. ಆಮೇಲೆ ನನಗೆ ಬೆನ್ನು ಕೊಟ್ಟು, ಮೆಟ್ಟಿಲ ಮೇಲೆ ಕುಕ್ಕರಗೂತಳು, ಸಾಲಿನಲ್ಲಿ ಕೂರುತ್ತಿದ್ದ ಹಾಗೆಯೇ, ತುದಿಗಾಲಲ್ಲಿ. “ಹತ್ರಿ ಅಪ್ಪಾ.” ನಾನು ಬೇಡವೆಂದೆ. ನಿನ್ನ ಕಾಲು ಎಂದೆ. ಡಾಕ್ಟರು ಎಂದೆ. “ಐದ ಮೆಟ್ಟಲಾ. ಡಾಕ್ಟರ ಚೀಟಿ ಅದ. ನಿಮ್ಮ ಫೈಲಿನಾಗ ನೀವ ಹಚ್ಚೀರಿ” ಎಂದಳು. ಹಿಂದಿನಿಂದ ಶಾಂತಾ ನನ್ನನ್ನು ಎತ್ತಿ ಅವಳ ಬೆನ್ನಿಗೆ ಹೊರಿಸಿಯೇಬಿಟ್ಟಳು. ವೈಜು ಎದ್ದಳು. ಎದ್ದದ್ದು ನನಗೂ ಗೊತ್ತಾಗಲಿಲ್ಲ.

ಉಪ್ಪುಮೂಟೆಯಾಗಿ ಮಗಳ ಬೆನ್ನ ಮೇಲೆ ಕೂತು ನಾನು, “ಇಳಸು! ಕಾಲು! ನಿನ್ನ ಕಾಲು!” ಎಂದು ಅರಚುತ್ತಿದ್ದೆ. “ಕಿವಿಯೊಳಗ ಒದರಬ್ಯಾಡ್ರಿ” ಎಂದಳು. ಅವಳ ಹೆಗಲ ಮೇಲಿಂದ ಬಾಗಿ ನೋಡಿದೆ. ಬೆರಳುಗಳು ಕಲ್ಲನ್ನು ಹಿಡಿದವು, ಹಿಮ್ಮಡಿ ಎದ್ದಿತು, ಹೊಲಿಗೆಯ ಉದ್ದನೆಯ ಕಲೆಗೆ ಅರಿಶಿನ ಮೆತ್ತಿತ್ತು, ಅದರ ಕೆಳಗೆ ಆ ರಜ್ಜು ಬಿಗಿಯಾಗಿ ಎದ್ದು ಕಾಣುತ್ತಿತ್ತು. ಅವಳ ಭಾರ, ಅದರ ಮೇಲೆ ನನ್ನ ಭಾರ. ಅಲುಗಲಿಲ್ಲ. ಒಂದು ಮೆಟ್ಟಿಲು, ಮತ್ತೊಂದು. ಸುತ್ತಲಿನ ಜನ ಮದುಮಕ್ಕಳನ್ನು ಬಿಟ್ಟು ನಮ್ಮನ್ನು ಎಣಿಸತೊಡಗಿದರು. ಯಾರೋ ಮುಷ್ಟಿ ತುಂಬ ಭಂಡಾರ ಎರಚಿ ‘ಯೆಳಕೋಟ’ ಎಂದು ಖಂಡೋಬನ ಜಯಕಾರ ಕೂಗಿದರು. ಜೀವನದಲ್ಲಿ ನಾನು ಬಹಳ ಜನ ದೊಡ್ಡವರನ್ನು ಹತ್ತಿರದಿಂದ ನೋಡಿದ್ದೇನೆ, ಅವರ ಪತ್ರಗಳಿಗೆ ನಂಬರು ಹಾಕಿದ್ದೇನೆ. ಅಂದು ಆ ಹುಡುಗಿಯ ಹಿಮ್ಮಡಿಯ ಬಗ್ಗೆ ಹುಟ್ಟಿದಂಥ ಗೌರವ ಯಾರ ಬಗ್ಗೆಯೂ ನನಗೆ ಹುಟ್ಟಿಲ್ಲ.

ಮಹಾದ್ವಾರದ ಬಳಿ ನನ್ನನ್ನು ಕೂಡಿಸಿ, ಉಸಿರು ಎಳೆದುಕೊಂಡು, ಚೀಲದಿಂದ ನಾಲ್ಕಾಗಿ ಮಡಿಚಿದ ಕಾಗದ ತೆಗೆದಳು. ಫಾರ್ಮು. ಫೈಲಿನಿಂದ ಎಂದು ತೆಗೆದಳೋ ನನಗೆ ತಿಳಿದಿರಲಿಲ್ಲ. “ಈಗರೆ?” ಎಂದಳು. ಶಾಂತಾ ಪೆನ್ನು ಕೊಟ್ಟಳು. ದೀಪಮಾಲೆಯ ಕಲ್ಲಿಗೆ ಒತ್ತಿ ಸಹಿ ಮಾಡಿದೆ. ಹೆಬ್ಬೆರಳಿನ ಅರಿಶಿನ ಅದಕ್ಕೆ ಮುದ್ರೆಯ ಹಾಗೆ ಅಂಟಿತು. “ಐದೂ ಏರಿಸಿದ್ಲು” ಎಂದಳು ಶಾಂತಾ. “ನಾ ಎಣಿಸೀನಿ.” ದರ್ಶನ ಮುಗಿಸಿ ಇಳಿಯುವಾಗ ಮಾತ್ರ ನಾನು ಯಾರ ಬೆನ್ನನ್ನೂ ಏರಲಿಲ್ಲ. ಕೂತುಕೊಂಡೇ, ಒಂದೊಂದು ಮೆಟ್ಟಿಲು ಜಾರುತ್ತ, ಗುಡ್ಡದ ಬುಡದವರೆಗೆ ಬಂದೆ.

ಮರುದಿನ ಶೆಟ್ಟಿ ಬಾಯಿ ನನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಚುಕಿದರು. ಪಾದ ಬಾಗಿತು. “ರಜ್ಜು ಹರಿದಿಲ್ಲ ಅಂಕಲ್, ಮಾಂಸ ಸ್ವಲ್ಪ ಎಳೆದಿದೆ ಅಷ್ಟೆ. ಎಣ್ಣೆ ಮಾತ್ರ ತಿಕ್ಕಬೇಡಿ” ಎಂದರು. ಕೆಲವು ವಾರಗಳ ನಂತರ ವಾಡೆಯ ಮೆಟ್ಟಿಲ ಅಂಚಿನಲ್ಲಿ ಹಗ್ಗ ಹಿಡಿದು ಹಿಮ್ಮಡಿ ಇಳಿಸುವ ಸರದಿ ನನ್ನದಾಯಿತು. ಕುರ್ಚಿಯ ಮೇಲೆ ಕೂತು ಎಣಿಸುವವಳು ವೈಜು. ಅವಳು ಒಂದು ಸಲವೂ ‘ಮನಸ್ಸು ಗಟ್ಟಿ ಮಾಡು’ ಅನ್ನಲಿಲ್ಲ. ಪಂದ್ಯದ ದಿನ ನಾನು ಕೋಲೂರಿಕೊಂಡು ಗೋಡೆಯ ಬಳಿ ನಿಂತೆ. ಸುನಂದಾ ಓಡುತ್ತ ಬಂದು, ಗಾಜಿನ ಸಾಮಾನು ಮುಟ್ಟುವ ಹಾಗೆ ವೈಜುವಿನ ಬೆನ್ನು ಮುಟ್ಟಿ ‘ಖೋ’ ಎಂದಳು. ಕೂತದ್ದು ಕಂಡಿತು, ಓಡಿದ್ದು ಕಂಡಿತು. ಪಕ್ಕದವರು, ಯಾರಿವಳು, ಎಂಥ ಓಟ ಎಂದರು. ಅವಳ ತಾಯಿಯ ಕಡೆಯಿಂದ ಬಂದದ್ದು ಎಂದೆ.

ಅಂದು ಸಂಜೆ ಫೈಲನ್ನು ಮುಗಿಸಿ ಕಟ್ಟಿಡೋಣವೆಂದು ತೆರೆದರೆ ಕೊನೆಯ ಪುಟದಲ್ಲಿ ವೈಜುವಿನ ಕೈಬರಹವಿತ್ತು. ‘ಜೇಜುರಿಯ ಗುಡ್ಡದಲ್ಲಿ ಅಪ್ಪನಿಗೆ ಹಿಂದಿನಿಂದ ಯಾರೋ ಒದ್ದರೆಂದು ಅಪ್ಪನ ಹೇಳಿಕೆ. ಹಿಂದೆ ಅವ್ವ ಇದ್ದಳು. ಒದ್ದಿಲ್ಲವೆಂದು ಅವ್ವನ ಹೇಳಿಕೆ. ಎಣ್ಣೆ ತಿಕ್ಕಿಲ್ಲ. ಮೆಟ್ಟಿಲು ಐದು, ಸುಸೂತ್ರ.’ ಕೆಳಗೆ ಅವಳ ಸಹಿ, ಅದರ ಪಕ್ಕದಲ್ಲಿ ಸಾಕ್ಷಿಯಾಗಿ ಶಾಂತಾಳ ಸಹಿ. ಇಷ್ಟು ಸಾಚಾ ದಾಖಲೆ ನಮ್ಮ ಮನೆಯ ನಲವತ್ತೆರಡು ಫೈಲುಗಳಲ್ಲಿ ಇನ್ನೊಂದಿರಲಿಲ್ಲ. ಆಮೇಲೆ ಎದ್ದು, ಕಪಾಟಿನ ತಳದಿಂದ ಮದುವೆಯ ಫೈಲನ್ನು ಹೊರತೆಗೆದೆ. ಜೇಜುರಿಯ ಪುಟ ತೆರೆದು, ಹುದ್ದೆಗೆ ಸೇರಿದಂದಿನಿಂದ ಎಂದೂ ಮಾಡದ ಕೆಲಸ ಮಾಡಿದೆ. ‘ಐದು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಎರಡು’ ಎಂದು ಬರೆದು, ತಿದ್ದಿದ ಜಾಗದಲ್ಲಿ ಸಹಿ ಮಾಡಿ, ಒಲೆಯ ಮುಂದಿದ್ದ ಶಾಂತಾಳ ಬಳಿ ಒಯ್ದು ಹಿಡಿದೆ. ಅವಳು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದಳು.

“ಒಂದೂವರಿ” ಎಂದಳು.